ಕಾಯಕಕ್ಕೂ ಒಂದು ಅಳತೆಯುಂಟು

ತುರ್ತು ಚಿಕಿತ್ಸೆಯನ್ನು ಕಲಿಯುತ್ತಿರುವ ಕಿರಿಯ ವೈದ್ಯರ ಬದುಕನ್ನು ಕುರಿತು

ನಮ್ಮ ಸಮಾಜದ ಸಭೆ ಸಮಾರಂಭಗಳಲ್ಲಿ ‘ಕಾಯಕ’ ಎಂಬ ಪದದಷ್ಟು ಮತ್ತೆ ಮತ್ತೆ ಕೇಳಿಬರುವ ಪದ ಇನ್ನೊಂದಿಲ್ಲ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಸರಿಯೂ ಹೌದು. ಆದರೆ ಪವಿತ್ರವಾದ ಪದವೊಂದನ್ನು ಎತ್ತಿ ಮತ್ತೊಬ್ಬರ ತಲೆಯ ಮೇಲೆ ಇಡುವಾಗ ಅದರ ಭಾರವನ್ನೂ ಅರಿತಿರಬೇಕಾಗುತ್ತದೆ. ಈ ಅರಿವು ನನಗೆ ಅರವತ್ತು ದಾಟಿದ ಮೇಲೆ, ಅದೂ ನನ್ನ ತಂಗಿಯ ಮಗಳಿಂದ ಉಂಟಾಯಿತೆಂಬುದನ್ನು ಸಂಕೋಚದಿಂದಲೇ ಇಲ್ಲಿ ನಿವೇದಿಸುತ್ತೇನೆ.

ಕಳೆದ ವರ್ಷದ ಬಸವ ಜಯಂತಿಯಂದು ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ನನ್ನದೊಂದು ಉಪನ್ಯಾಸವಿತ್ತು. ಇಂದಿನ ಕಾಲದ ಕಾಯಕಜೀವಿಗಳು ಯಾರೆಂದು ವಿವರಿಸುತ್ತ, ಆಸ್ಪತ್ರೆಗಳಲ್ಲಿ ಮೂವತ್ತಾರು ಗಂಟೆಗಳ ಕಾಲ ಕಣ್ಣು ಮುಚ್ಚದೆ ದುಡಿಯುವ ಕಿರಿಯ ವೈದ್ಯರೇ ಇಂದಿನ ಶರಣರೆಂದು ಕೊಂಡಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಎರಡನೆಯ ಸಾಲಿನಲ್ಲಿ ನನ್ನ ಸೋದರಸೊಸೆ ಕುಳಿತಿದ್ದಳು. ಅವಳು ಎಂ.ಬಿ.ಬಿ.ಎಸ್. ಮುಗಿಸಿ, ತುರ್ತು ಚಿಕಿತ್ಸಾ ಶಾಸ್ತ್ರದಲ್ಲಿ ಎಂ.ಡಿ. ಮಾಡುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿನಿ. ಅವಳು ಚಪ್ಪಾಳೆ ತಟ್ಟಲಿಲ್ಲ. ಪ್ರಸಾದದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು ಮೆಲ್ಲನೆ ಹೇಳಿದಳು:

“ಮಾಮಾ, ಭಾಳ ಛಲೋ ಮಾತಾಡಿದ್ರಿ. ಆದ್ರ ನೀವು ಹೊಗಳಿದ ಆ ಮೂವತ್ತಾರನೇ ತಾಸಿನ್ಯಾಗ ನಾ ಒಂದು ಕೂಸಿನ ಔಷಧದ ಲೆಕ್ಕ ತಪ್ಪಿದ್ದೆ. ಚುಕ್ಕಿ ಒಂದು ಮನಿ ಆಚೆ ಬಿದ್ದಿತ್ತು; ಒಂದಕ್ಕ ಹತ್ತು ಪಟ್ಟು ಬರದಿದ್ದೆ. ನರ್ಸಕ್ಕಾರು ನೋಡಿ ಹಿಡದ್ರು. ನೋಡಲಿಲ್ಲಂದ್ರ?”

ತುತ್ತು ನನ್ನ ಕೈಯಲ್ಲೇ ನಿಂತಿತು. ಅವಳು ಆಗ ಮಕ್ಕಳ ವಿಭಾಗದ ಪಾಳಿಯಲ್ಲಿದ್ದಳಂತೆ. ಜೊತೆಯ ಇಬ್ಬರು ಜ್ವರದಿಂದ ಮಲಗಿದ್ದರಿಂದ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಎಡೆಬಿಡದೆ ನಿಂತಿದ್ದಳಂತೆ. ಕೂಸಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಪ್ರತಿ ಔಷಧವನ್ನೂ ಮೂರು ಸಲ ಲೆಕ್ಕ ಹಾಕುವುದು ಅವಳಿಗೆ ಅಭ್ಯಾಸವಾಗಿದೆ. ನಾನು ವೇದಿಕೆಯ ಮೇಲಿಂದ ಯಾವುದನ್ನು ಶರಣತ್ವವೆಂದು ಹೊಗಳಿದೆನೋ ಅದು ಅವಳಿಗೆ ಮರೆಯಲಾಗದ ಭಯವಾಗಿತ್ತು. ತಿಳಿಯದೆ ಮಾತನಾಡಿದೆನೆಂಬ ಅಳುಕಿನಿಂದ, ಈ ಮಕ್ಕಳ ಬದುಕು ಎಂಥದೆಂದು ಕೇಳಿ, ಓದಿ, ಸ್ವಲ್ಪ ಕಂಡು ತಿಳಿದುಕೊಂಡೆ. ಅದರ ಫಲವೇ ಈ ಲೇಖನ. ಆಸ್ಪತ್ರೆಯ ಹೆಸರಾಗಲಿ ರೋಗಿಗಳ ಗುರುತಾಗಲಿ ಇಲ್ಲಿ ಅನಗತ್ಯ.

‘ರೆಸಿಡೆಂಟ್’ ಎಂಬ ಹೆಸರಿನ ಹಿನ್ನೆಲೆ

ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳನ್ನು ‘ರೆಸಿಡೆಂಟ್’ ಎಂದು ಕರೆಯುತ್ತಾರೆ. ಅಲ್ಲಿಯೇ ವಾಸಿಸುವವನು ಎಂಬುದು ಈ ಪದದ ಅರ್ಥ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಎಂಬ ಇಬ್ಬರು ಮಹಾವೈದ್ಯರು ಈ ಪದ್ಧತಿಗೆ ಅಡಿಪಾಯ ಹಾಕಿದರು. ಕಲಿಯುವವನು ಆಸ್ಪತ್ರೆಯಲ್ಲೇ ಉಂಡು, ಅಲ್ಲೇ ಮಲಗಿ, ಹಗಲಿರುಳು ರೋಗಿಯ ಬಳಿಯಿದ್ದು ಗುರುವಿನಿಂದ ಕಲಿಯಬೇಕೆಂಬುದು ಅವರ ಆಶಯ. ಮಠದಲ್ಲಿ ಕಲಿತ ನನ್ನಂಥವನಿಗೆ ಇದು ಅಪರಿಚಿತವಲ್ಲ. ನಮ್ಮ ಗುರುಕುಲವೂ ಇಂಥದೇ. ಆದರೆ ಶಸ್ತ್ರಚಿಕಿತ್ಸೆಯ ಶಿಷ್ಯರಿಗೆ ಅತಿ ಕಠಿಣವಾದ ದಿನಚರಿಯನ್ನು ಹಾಕಿಕೊಟ್ಟ ಹಾಲ್‌ಸ್ಟೆಡ್ ಅವರೇ, ಅರಿವಳಿಕೆಯ ಪ್ರಯೋಗಗಳನ್ನು ತಮ್ಮ ಮೇಲೆಯೇ ಮಾಡಿಕೊಂಡು ಕೊಕೇನಿಗೂ, ಮುಂದೆ ಮಾರ್ಫಿನ್ನಿಗೂ ದಾಸರಾಗಿದ್ದರೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ. ದೊಡ್ಡವರು ಹಾಕಿದ ದಾರಿಯೆಂದ ಮಾತ್ರಕ್ಕೆ ಅದರ ಪ್ರತಿಯೊಂದು ಹೆಜ್ಜೆಯೂ ಅನುಸರಣೀಯವಲ್ಲ.

ತುರ್ತು ಚಿಕಿತ್ಸೆ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದದ್ದು ತೀರ ಇತ್ತೀಚೆಗೆ. ಯಾರನ್ನು ಮೊದಲು ನೋಡಬೇಕೆಂದು ಗಾಯದ ತೀವ್ರತೆಯಿಂದಲೇ ತೀರ್ಮಾನಿಸಬೇಕು, ಪದವಿಯಿಂದಲ್ಲ ಎಂಬ ತತ್ತ್ವವನ್ನು ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೆ ರಣಭೂಮಿಯಲ್ಲಿ ಆಚರಣೆಗೆ ತಂದನು. ಆದರೂ ಬಹುಕಾಲದವರೆಗೆ ಆಸ್ಪತ್ರೆಯ ‘ಕ್ಯಾಜುವಲ್ಟಿ’ ಎಂಬುದು ಅನುಭವವಿಲ್ಲದ ಕಿರಿಯರನ್ನು ಸರದಿಯಂತೆ ಕೂರಿಸುವ ಕೋಣೆಯಾಗಿತ್ತು. ಅತ್ಯಂತ ಕಷ್ಟದ ಸ್ಥಿತಿಯಲ್ಲಿರುವ ರೋಗಿಯನ್ನು ಅತ್ಯಂತ ಕಡಿಮೆ ಕಲಿತವನು ನೋಡುವ ವೈಪರೀತ್ಯ ಅಲ್ಲಿತ್ತು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ೧೯೭೦ರಲ್ಲಿ ಈ ಶಾಸ್ತ್ರದ ಮೊದಲ ರೆಸಿಡೆನ್ಸಿ ಆರಂಭವಾಯಿತು. ೧೯೭೯ರಲ್ಲಿ ಆ ದೇಶ ಇದನ್ನು ಪ್ರತ್ಯೇಕ ವಿಭಾಗವೆಂದು ಮನ್ನಿಸಿತು. ನಮ್ಮ ದೇಶದ ವೈದ್ಯಕೀಯ ಪರಿಷತ್ತು ಅದೇ ಮನ್ನಣೆಯನ್ನು ೨೦೦೯ರಲ್ಲಿ ನೀಡಿತು. ಕರ್ನಾಟಕದಲ್ಲಿ ೧೦೮ರ ಆಂಬುಲೆನ್ಸ್ ಸೇವೆ ೨೦೦೮ರಲ್ಲಿ ಆರಂಭವಾಗಿತ್ತು. ರೋಗಿಯನ್ನು ಹೊತ್ತು ತರುವ ವಾಹನ ಮೊದಲು ಬಂದಿತು; ಬಾಗಿಲಲ್ಲಿ ಬರಮಾಡಿಕೊಳ್ಳುವ ತಜ್ಞರು ಅದರ ಹಿಂದೆಯೇ ತಯಾರಾಗಬೇಕಾಯಿತು.

ಈ ಎಂ.ಡಿ.ಗೆ ಮೂರು ವರ್ಷ. ಅದಕ್ಕೆ ಮೊದಲು ಎಂ.ಬಿ.ಬಿ.ಎಸ್.ನ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಆಮೇಲೆ ನೀಟ್ ಪಿ.ಜಿ. ಎಂಬ ಪರೀಕ್ಷೆಯ ಗಂಡಾಂತರ. ಸೇರಿದ ಮೇಲೆ ತನ್ನ ವಿಭಾಗದಲ್ಲಷ್ಟೇ ಇದ್ದರೆ ಸಾಲದು. ಅರಿವಳಿಕೆ, ತೀವ್ರ ನಿಗಾ ಘಟಕ, ಮಕ್ಕಳ ವಿಭಾಗ, ಹೆರಿಗೆ ವಿಭಾಗ, ಮೂಳೆಯ ವಿಭಾಗ ಎಂದು ಸುತ್ತಬೇಕು. ೨೦೨೩ರ ನಿಯಮಾವಳಿಯಂತೆ ಮೂರು ತಿಂಗಳು ಜಿಲ್ಲೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕು. ಇದರ ನಡುವೆಯೇ ಒಂದು ಪ್ರಬಂಧ ಬರೆಯಬೇಕು, ಮಾಡಿದ ಕೆಲಸವನ್ನೆಲ್ಲ ಲಾಗ್ ಪುಸ್ತಕದಲ್ಲಿ ದಾಖಲಿಸಿ ಹಿರಿಯರ ಸಹಿ ಪಡೆಯಬೇಕು, ಕೊನೆಯಲ್ಲಿ ಪರೀಕ್ಷೆ. ಹೀಗೆ ರೆಸಿಡೆಂಟ್ ಎಂದರೆ ಏಕಕಾಲಕ್ಕೆ ವೈದ್ಯನೂ ಹೌದು, ವಿದ್ಯಾರ್ಥಿಯೂ ಹೌದು. ರೋಗಿಗೆ ವೈದ್ಯನಂತೆ ಕಾಣುತ್ತಾನೆ. ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯಂತೆ ಕಾಣುತ್ತಾನೆ. ಲೆಕ್ಕಪತ್ರದ ಕಚೇರಿಗೆ ದುಡಿಯುವ ಕೈಯಂತೆ ಕಾಣುತ್ತಾನೆ.

ಒಂದು ರಾತ್ರಿಯ ಪಾಳಿ

ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು ಒಂದು ರಾತ್ರಿ ನಾನು ಹೊರಗಿನ ಮೊಗಸಾಲೆಯಲ್ಲಿ ಕುಳಿತಿದ್ದೆ. ಒಳಗೆ ನಡೆಯುವುದನ್ನು ನೋಡುವ ಅಧಿಕಾರ ನನಗಿರಲಿಲ್ಲ, ಇರಬೇಕಾದದ್ದೂ ಅಲ್ಲ. ಕಂಡದ್ದಿಷ್ಟು, ಕೇಳಿ ತಿಳಿದದ್ದಿಷ್ಟು.

ರಾತ್ರಿ ಎಂಟಕ್ಕೆ ಪಾಳಿ ಬದಲು. ಹಗಲಿನವರು ಮಂಚದಿಂದ ಮಂಚಕ್ಕೆ ನಡೆದು ರಾತ್ರಿಯವರಿಗೆ ಒಪ್ಪಿಸುತ್ತಾರೆ: ಇವರಿಗೆ ಇದು ಆಗಿದೆ, ಇಷ್ಟು ಕೊಟ್ಟಿದ್ದೇವೆ, ಇದಕ್ಕಾಗಿ ಕಾಯುತ್ತಿದ್ದೇವೆ, ಹೀಗಾದರೆ ಹೀಗೆ ಮಾಡಿ. ಇದಕ್ಕೆ ಅರ್ಧ ಗಂಟೆ. ಆಮೇಲೆ ಬಾಗಿಲು ತೆರೆದೇ ಇರುತ್ತದೆ.

ಬಂದವರು ಯಾರೇ ಆಗಲಿ ನೋಡುವ ಕ್ರಮ ಒಂದೇ. ಮೊದಲು ಉಸಿರಿನ ದಾರಿ ತೆರೆದಿದೆಯೇ, ಬಳಿಕ ಉಸಿರಾಟ ಸರಿಯಿದೆಯೇ, ಬಳಿಕ ರಕ್ತ ಹರಿಯುತ್ತಿದೆಯೇ, ಬಳಿಕ ಪ್ರಜ್ಞೆ ಹೇಗಿದೆ, ಕೊನೆಗೆ ಮೈಯೆಲ್ಲ ತೆರೆದು ಪರೀಕ್ಷೆ. ಎದ್ದು ಕಾಣುವ ಮುರಿದ ಕಾಲಿನತ್ತ ಕಣ್ಣು ಹೋಗುತ್ತದೆ. ಆದರೆ ಕೊಲ್ಲುವುದು ಕಾಣದ ಉಸಿರಿನ ತಡೆ. ಈ ಕ್ರಮ ನಿದ್ದೆಗಣ್ಣಿನಲ್ಲೂ ತಪ್ಪಬಾರದೆಂದು ಮೊದಲ ವರ್ಷವೆಲ್ಲ ಬಾಯಿಪಾಠದಂತೆ ಮಾಡಿಸುತ್ತಾರೆ.

ಅಂದು ಒಂಬತ್ತರ ಸುಮಾರಿಗೆ ಎದೆನೋವೆಂದು ಒಬ್ಬರು ಬಂದರು. ಎದೆನೋವಿನ ರೋಗಿ ಬಂದ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆದು ವೈದ್ಯರು ಓದಿರಬೇಕೆಂಬುದು ನಿಯಮ. ಹನ್ನೊಂದರ ನಂತರ ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ಕುಡಿದ ಒಬ್ಬ ಯುವ ರೈತನನ್ನು ಹೊತ್ತು ತಂದರು. ನಮ್ಮ ಭಾಗದ ತುರ್ತು ವಿಭಾಗಗಳಿಗೆ ಇದು ಹೊಸದಲ್ಲವೆಂಬುದೇ ದುಃಖದ ಸಂಗತಿ. ಆರ್ಗನೋಫಾಸ್ಫೇಟ್ ಎಂಬ ಜಾತಿಯ ಈ ವಿಷ ಹೊಟ್ಟೆಗೆ ಹೋದರೆ ಬಾಯಿಯಿಂದ ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿದಂತಾಗುತ್ತದೆ. ಅಟ್ರೋಪಿನ್ ಎಂಬ ಮದ್ದನ್ನು ಕೆಲವು ನಿಮಿಷಗಳಿಗೊಮ್ಮೆ ಹೆಚ್ಚಿಸುತ್ತ, ಎದೆಯ ಶಬ್ದ ತಿಳಿಯಾಗುವವರೆಗೆ ಕೊಡಬೇಕು. ಕೊಡುವವರು ಪಕ್ಕ ಬಿಟ್ಟು ಕದಲುವಂತಿಲ್ಲ. ನನ್ನ ಸೋದರಸೊಸೆ ಆ ಮಂಚದ ಬಳಿ ಎರಡು ಗಂಟೆ ನಿಂತಿದ್ದಳು.

ನಸುಕಿನಲ್ಲಿ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ಬಂದಳು. ನೆಲದ ಮೇಲೆ ಮಲಗಿದ್ದವಳು ಎದ್ದಾಗ ಕಣ್ಣೆವೆ ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ಗಾಯವಿಲ್ಲ, ಬಾವಿಲ್ಲ. ಮನೆಯವರು ಲಕ್ವವೆಂದು ತಿಳಿದಿದ್ದರು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೂ ಇರುವುದಿಲ್ಲ, ಗುರುತೂ ಕಾಣದಿರಬಹುದು ಎಂಬುದು ಕಲಿತವರಿಗೆ ಮಾತ್ರ ಹೊಳೆಯುವ ವಿಷಯ. ಪ್ರತಿವಿಷ ಹನಿಸಿ, ಉಸಿರಿಗೆ ಕೊಳವೆ ಇಳಿಸಿದರು, ಅವಳು ಬದುಕಿದಳು. ನಮ್ಮ ಸರ್ಕಾರ ೨೦೨೪ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದ್ದು ಇಂಥ ಸಾವುಗಳು ಲೆಕ್ಕಕ್ಕೇ ಬಾರದೆ ಹೋಗಬಾರದೆಂಬ ಉದ್ದೇಶದಿಂದ.

ನಡುರಾತ್ರಿ ಎರಡಕ್ಕೆ ಅವಳು ಹೊರಬಂದು ನನ್ನ ಪಕ್ಕ ಐದು ನಿಮಿಷ ಕುಳಿತಳು. “ಏನರ ತಿಂದೀಯೇನವ್ವಾ?” ಎಂದೆ. ಚೀಲದಲ್ಲಿ ಅವರಮ್ಮ ಕಟ್ಟಿಕೊಟ್ಟ ರೊಟ್ಟಿ ಹಾಗೆಯೇ ಇತ್ತು. ಒಂದು ರೊಟ್ಟಿಯನ್ನು ಮುರಿದು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಮೊದಲು ಬಂದವರು, ಮೊದಲು ಸಲ್ಲುವವರು

ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡು ಬೇರೊಂದು ಊರಿನ ಆಸ್ಪತ್ರೆಗೆ ಹೋಗಿದ್ದೆ. ನೋವಿಗೆ ಮದ್ದು ಕೊಟ್ಟು, ಕೈಗೆ ಆಧಾರ ಕಟ್ಟಿ, ಕೂರಿಸಿದರು. ನನ್ನ ನಂತರ ನಡೆದುಕೊಂಡೇ ಬಂದ ನಡುವಯಸ್ಸಿನವನೊಬ್ಬನನ್ನು ಕೂಡಲೇ ಒಳಗೆ ಕರೆದೊಯ್ದರು. ಒಂದೂವರೆ ಗಂಟೆ ಕಳೆಯಿತು. ನಾನು ಹಿರಿಯ, ಮೊದಲು ಬಂದವನು, ನಾಲ್ಕು ಜನ ಬಲ್ಲ ಮನುಷ್ಯ ಎಂಬ ಅಹಂಕಾರ ತಲೆಯೆತ್ತಿತು. ಗಟ್ಟಿಯಾಗಿ ಮಾತನಾಡಿದೆ. ಒಬ್ಬ ಕಿರಿಯ ವೈದ್ಯ ಬಂದು ತಾಳ್ಮೆಯಿಂದ ಅಂದ: “ಅಜ್ಜಾರ, ನಿಮ್ಮ ಕೈ ನಾಳಿಗೂ ಇರತೈತ್ರಿ. ಅವರ ಎದಿ ಕಾಯೂದಿಲ್ಲ.”

ಹೀಗೆ ರೋಗಿಗಳನ್ನು ವಿಂಗಡಿಸುವುದಕ್ಕೆ ‘ಟ್ರಯಾಜ್’ ಎಂಬ ಹೆಸರಿದೆ. ಕೆಂಪು ಬಣ್ಣದವರಿಗೆ ಈ ಕ್ಷಣವೇ ಚಿಕಿತ್ಸೆ, ಹಳದಿಯವರು ಸ್ವಲ್ಪ ತಡೆಯಬಲ್ಲರು, ಹಸಿರಿನವರು ಕಾಯಬಹುದು. ನನ್ನದು ಹಸಿರು. ದಾಸೋಹದ ಪಂಕ್ತಿಯಲ್ಲಿ ಅರಸ, ಆಳು ಎಂಬ ಭೇದವಿಲ್ಲವೆಂದು ಜೀವಮಾನವೆಲ್ಲ ಬೋಧಿಸಿದವನು, ಆ ಪಂಕ್ತಿಯನ್ನೇ ಆಸ್ಪತ್ರೆಯಲ್ಲಿ ಕಂಡಾಗ ಗುರುತಿಸದೆ ಹೋದೆ. ಯಾರ ಕಡೆಯವರು, ಯಾವ ಪದವಿಯವರು, ಹಣ ಕಟ್ಟಬಲ್ಲರೇ ಎಂದು ಕೇಳದೆ ಪ್ರಾಣಾಪಾಯವೊಂದನ್ನೇ ಕೇಳುವ ಇಂಥ ಸ್ಥಳ ನಮ್ಮ ಸಮಾಜದಲ್ಲಿ ಎಷ್ಟಿವೆ? ಪೊಲೀಸರ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿಗೆ ಚಿಕಿತ್ಸೆ ನೀಡುವುದು ಪ್ರತಿ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರ ಅವರ ಮೊಕದ್ದಮೆಯಲ್ಲಿ ೧೯೮೯ರಲ್ಲಿಯೇ ತೀರ್ಪಿತ್ತಿದೆ.

ಹೇಳಲಾರದ್ದನ್ನು ಹೇಳುವ ವಿದ್ಯೆ

ನಿಂತ ಹೃದಯವನ್ನು ನಡೆಸಲು ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ದಣಿದ ಕೈ ತಾನು ಸರಿಯಾಗಿ ಒತ್ತುತ್ತಿದ್ದೇನೆಂದು ಭ್ರಮಿಸುತ್ತದೆ, ಒತ್ತಡ ಕಡಿಮೆಯಾಗಿರುತ್ತದೆ. ಇಷ್ಟೆಲ್ಲ ಮಾಡಿಯೂ ಅನೇಕ ಸಲ ಜೀವ ಉಳಿಯುವುದಿಲ್ಲ. ಆಗ ಕಿರಿಯ ವೈದ್ಯರು ಕೈ ತೊಳೆದು ಹೊರಗೆ ಹೋಗಿ ಮನೆಯವರಿಗೆ ಹೇಳಬೇಕು.

ಇದನ್ನೂ ಕಲಿಸುತ್ತಾರೆಂಬುದು ನನಗೆ ತಿಳಿದಿರಲಿಲ್ಲ. ನಿಂತು ಹೇಳಬಾರದು, ಕುಳಿತು ಹೇಳಬೇಕು. ಹಾದಿಯಲ್ಲಿ ಹೇಳಬಾರದು, ಒಂದು ಕೋಣೆಗೆ ಕರೆದೊಯ್ಯಬೇಕು. ಹೆಸರು ಕೇಳಿ ಖಚಿತಪಡಿಸಿಕೊಳ್ಳಬೇಕು. ಸುತ್ತಿ ಬಳಸಿ ಹೇಳದೆ ತಿಳಿಯಾಗಿ ಹೇಳಬೇಕು. ಹೇಳಿದ ಮೇಲೆ ಸುಮ್ಮನಿರಬೇಕು. ಒಮ್ಮೆ ಅವಳು ನಮ್ಮವರದೇ ಒಂದು ಮನೆತನದವರಿಗೆ, ಗೌರವವಿರಲೆಂದು, “ಅಜ್ಜಾರು ಲಿಂಗೈಕ್ಯ ಆದ್ರು” ಎಂದಳಂತೆ. ಹಿರಿಯರಿಗೆ ತಿಳಿಯಿತು. ಪೇಟೆಯಲ್ಲಿ ಬೆಳೆದ ಮೊಮ್ಮಗ ಮಾತ್ರ, “ಹಾಗಾದರೆ ಯಾವಾಗ ಮನೆಗೆ ಕಳುಹಿಸುತ್ತೀರಿ?” ಎಂದು ಕೇಳಿದನಂತೆ. ಅಂದಿನಿಂದ ಅವಳು, “ನಾವು ಪ್ರಯತ್ನ ಪಟ್ಟೆವು, ಅಜ್ಜಾರ ಜೀವ ಹೋಗೇತಿ” ಎಂದೇ ಹೇಳುತ್ತಾಳೆ. ನನಗೆ ಆ ಹಳೆಯ ಪದ ಎಷ್ಟು ಪ್ರಿಯವೋ ಅಷ್ಟೇ ಅವಳ ಈ ಮಾತು ಸರಿಯೆನಿಸಿತು. ಐದು ನಿಮಿಷದ ನಂತರ ಅವಳು ಮುಂದಿನ ರೋಗಿಯ ಬಳಿ ಇರಬೇಕು, ಮುಖದಲ್ಲಿ ಏನನ್ನೂ ತೋರದೆ.

ನಿದ್ದೆಯ ಸಾಲ

ಇಷ್ಟು ಸೂಕ್ಷ್ಮವಾದ ಕೆಲಸವನ್ನು ದಣಿದ ಮನಸ್ಸಿನಿಂದ ಮಾಡಬಹುದೇ? ಈ ಪ್ರಶ್ನೆಯನ್ನು ಜಗತ್ತು ತಡವಾಗಿ ಕೇಳಿಕೊಂಡಿತು. ೧೯೮೪ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟು ವರ್ಷದ ಹುಡುಗಿ ದಾಖಲಾದ ಕೆಲವೇ ಗಂಟೆಗಳಲ್ಲಿ ಮೃತಳಾದಳು. ನೋಡಿಕೊಂಡವರು ದೀರ್ಘ ಪಾಳಿಯಲ್ಲಿದ್ದ ಕಿರಿಯ ರೆಸಿಡೆಂಟರು. ಪತ್ರಕರ್ತನಾಗಿದ್ದ ಅವಳ ತಂದೆ ಬಿಡದೆ ಹೋರಾಡಿದನು. ಅದರ ಫಲವಾಗಿ ನ್ಯೂಯಾರ್ಕ್ ರಾಜ್ಯವು ೧೯೮೯ರಲ್ಲಿ ವಾರಕ್ಕೆ ಎಂಬತ್ತು ಗಂಟೆಯ ಮಿತಿಯನ್ನು ತಂದಿತು. ೨೦೦೩ರಲ್ಲಿ ಅದು ಇಡೀ ಅಮೆರಿಕಕ್ಕೆ ಅನ್ವಯವಾಯಿತು. ತುರ್ತು ವಿಭಾಗದ ರೆಸಿಡೆಂಟರಿಗೆ ಅಲ್ಲಿಯ ನಿಯಮ ಇನ್ನೂ ಬಿಗಿಯಾದದ್ದು: ಒಂದೇ ಸಮನೆ ಹನ್ನೆರಡು ಗಂಟೆಗಿಂತ ಹೆಚ್ಚಿನ ಪಾಳಿ ಇರಕೂಡದು, ಎರಡು ಪಾಳಿಗಳ ನಡುವೆ ಅಷ್ಟೇ ಬಿಡುವು ಇರಬೇಕು.

ವಿಜ್ಞಾನವೂ ಇದನ್ನೇ ಹೇಳಿತು. ಹದಿನೇಳು ಗಂಟೆ ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ ೦.೦೫ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು ೧೯೯೭ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ವಾಹನ ನಡೆಸುವವನಿಗೆ ಕಾನೂನು ವಿಧಿಸಿರುವ ಮಿತಿ ಶೇಕಡಾ ೦.೦೩. ಮದ್ಯವನ್ನು ಮುಟ್ಟಬಾರದೆಂದು ಮಕ್ಕಳನ್ನು ಬೆಳೆಸಿದ ನಾವು, ಅದೇ ಮಕ್ಕಳನ್ನು ನಿದ್ದೆಗೇಡಿನ ಅಮಲಿನಲ್ಲಿ ನಿಲ್ಲಿಸಿ ಕೈಗೆ ಸೂಜಿ ಕೊಟ್ಟು, ಅದನ್ನು ಕಾಯಕವೆಂದು ಹೊಗಳುತ್ತಿದ್ದೇವೆ. ೨೦೦೪ರಲ್ಲಿ ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನದಲ್ಲಿ, ಹಳೆಯ ದೀರ್ಘ ಪಾಳಿಯಲ್ಲಿದ್ದ ಕಿರಿಯ ವೈದ್ಯರು ಗಂಭೀರ ತಪ್ಪುಗಳನ್ನು ಶೇಕಡಾ ೩೬ರಷ್ಟು ಹೆಚ್ಚಾಗಿ ಮಾಡಿದ್ದು ಕಂಡುಬಂತು.

ನಮ್ಮಲ್ಲಿ ನಿಯಮಗಳಿಲ್ಲವೇ? ಇವೆ. ಎಡೆಬಿಡದ ಕೆಲಸ ಸಾಮಾನ್ಯವಾಗಿ ಹನ್ನೆರಡು ಗಂಟೆ ಮೀರಬಾರದು, ಕಿರಿಯ ರೆಸಿಡೆಂಟರ ವಾರದ ದುಡಿಮೆ ಸಾಮಾನ್ಯವಾಗಿ ನಲವತ್ತೆಂಟು ಗಂಟೆ ಇರಬೇಕು ಎಂದು ಕೇಂದ್ರ ಸರ್ಕಾರ ೧೯೯೨ರಲ್ಲಿಯೇ ನಿರ್ದೇಶಿಸಿತ್ತು. ೨೦೨೩ರ ನಿಯಮಾವಳಿ ‘ಸಮಂಜಸವಾದ’ ಕೆಲಸದ ಅವಧಿ, ‘ಸಮಂಜಸವಾದ’ ವಿಶ್ರಾಂತಿ ಎಂದಷ್ಟೇ ಹೇಳಿ ನಿಲ್ಲಿಸಿತು. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತ ರಾಷ್ಟ್ರೀಯ ಕಾರ್ಯಪಡೆ ೨೦೨೪ರಲ್ಲಿ, ವಾರಕ್ಕೆ ಎಪ್ಪತ್ತನಾಲ್ಕು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ಶಿಫಾರಸು ಮಾಡಿತು. ‘ಸಾಮಾನ್ಯವಾಗಿ’, ‘ಸಮಂಜಸವಾಗಿ’ ಎಂಬ ಪದಗಳ ಸಂದಿಯಲ್ಲಿ ಎಷ್ಟು ರಾತ್ರಿಗಳು ಜಾರಿ ಹೋಗುತ್ತವೆಯೆಂಬುದು ಪದಗಳ ನಡುವೆಯೇ ಬದುಕಿದ ನನಗೆ ಈಗ ಅರ್ಥವಾಗುತ್ತಿದೆ.

ಪಾಳಿ ಚಿಕ್ಕದಾದರೆ ಕೈಬದಲಾವಣೆ ಹೆಚ್ಚುತ್ತದೆ, ಒಬ್ಬರಿಂದ ಒಬ್ಬರಿಗೆ ದಾಟುವಾಗ ಮಾಹಿತಿ ಸೋರಿಹೋಗುತ್ತದೆ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ. ಆದುದರಿಂದಲೇ ಒಪ್ಪಿಸುವ ಕ್ರಮವನ್ನು ಇಂದು ಒಂದು ವಿದ್ಯೆಯಂತೆಯೇ ಕಲಿಸುತ್ತಾರೆ. ದಾಸೋಹದ ಮಠಗಳಲ್ಲಿ ಒಲೆ ಆರುವುದಿಲ್ಲ. ಆದರೆ ಒಲೆಯ ಮುಂದೆ ಕುಳಿತವರು ಬದಲಾಗುತ್ತಾರೆ. ಒಬ್ಬನೇ ಬಾಣಸಿಗ ಮೂರು ಹೊತ್ತೂ ಕುಳಿತರೆ ಒಲೆಯೂ ಆರುತ್ತದೆ, ಅವನೂ ಆರುತ್ತಾನೆ.

ಲಕ್ಕಮ್ಮನ ಅಳತೆ

ನಾನು ಮಠದಲ್ಲಿ ಕಲಿಯುವಾಗ ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುವ ಕೆಲಸ ನಮಗಿತ್ತು. ರಾತ್ರಿ ಒಂಬತ್ತಾದರೆ ನಮ್ಮ ಗುರುಗಳು ಬಂದು ದೀಪ ಆರಿಸುತ್ತಿದ್ದರು. ಇನ್ನೊಂದು ಗರಿ ಮುಗಿಸುತ್ತೇನೆಂದು ಹಟ ಹಿಡಿದರೆ, ದಣಿದ ಕಣ್ಣು ಇಲ್ಲದ ಅಕ್ಷರವನ್ನು ಕಾಣುತ್ತದೆ ಎನ್ನುತ್ತಿದ್ದರು. ಮುಂದೆ ಹಸ್ತಪ್ರತಿಗಳನ್ನು ಪರಿಷ್ಕರಿಸುವಾಗ ಆ ಮಾತಿನ ಸತ್ಯ ಕಂಡೆ. ನಾನು ಪರಿಶೀಲಿಸಿದ ಪ್ರತಿಗಳಲ್ಲಿ ಲಿಪಿಕಾರನ ತಪ್ಪುಗಳು ಗ್ರಂಥದ ಮೊದಲಿಗಿಂತ, ಅವನು ಬೇಸತ್ತಿರಬಹುದಾದ ಕೊನೆಯ ಭಾಗದಲ್ಲೇ ದಟ್ಟವಾಗಿದ್ದವು. ಗ್ರಂಥದ ತಪ್ಪನ್ನು ಇನ್ನೂರು ವರ್ಷಗಳ ಮೇಲೂ ಮತ್ತೊಬ್ಬ ತಿದ್ದಬಹುದು. ಕೂಸಿನ ಔಷಧದ ಚುಕ್ಕಿಯನ್ನು ತಿದ್ದಲು ಆ ರಾತ್ರಿಯ ನರ್ಸೊಬ್ಬಳೇ ಇದ್ದಳು. ನನ್ನ ಗುರುಗಳು ನನಗೆ ಕೊಟ್ಟ ನಿದ್ದೆಯನ್ನು ನಾನು ವೇದಿಕೆಯ ಮೇಲಿಂದ ಈ ಮಕ್ಕಳಿಗೆ ನಿರಾಕರಿಸಿದ್ದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳುಹಿಸಿದಳು. ಇದನ್ನು ದುರಾಸೆಯ ನಿರಾಕರಣೆಯೆಂದು ವ್ಯಾಖ್ಯಾನಿಸುತ್ತ ಬಂದಿದ್ದೇವೆ. ಆ ಅರ್ಥವನ್ನು ಸ್ವಲ್ಪ ಮುಂದಕ್ಕೊಯ್ಯಲು ಓದುಗರ ಅನುಮತಿ ಬೇಡುತ್ತೇನೆ. ಅಕ್ಕಿಗೆ ಅಳತೆಯಿರುವಂತೆ ಅದನ್ನು ಆಯುವ ಬೆನ್ನಿಗೂ ಅಳತೆಯಿದೆ. ಮತ್ತೊಬ್ಬರ ದುಡಿಮೆಯನ್ನು ಅಳತೆ ಮೀರಿ ಪಡೆಯುವುದೂ ಹೆಚ್ಚಿನ ಅಕ್ಕಿಯೇ. ದೇಹವನ್ನು ದೇಗುಲವೆಂದು ಭಾವಿಸಿದ ಧರ್ಮದವರು ನಾವು. ಅದು ಕುಸಿಯುವಷ್ಟು ಭಾರ ಹೇರುವುದನ್ನು ಕಾಯಕವೆಂದು ಕರೆಯಲಾಗದು. ಕಲಿಕೆಯ ಕಾಠಿಣ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ರಾತ್ರಿಯ ಪಾಳಿಯೂ ಬೇಕು, ಬೆವರೂ ಬೇಕು. ಬೇಡವೆನ್ನುವುದು ಎಣಿಕೆಯಿಲ್ಲದ ಗಂಟೆಗಳನ್ನು.

ಮನೆಯವರಾದ ನಾವು ಮಾಡಬೇಕಾದ್ದು

ನಿಯಮ ಮಾಡುವುದು ಸರ್ಕಾರದ ಕೆಲಸ, ಪಾಲಿಸುವುದು ಆಸ್ಪತ್ರೆಗಳ ಕೆಲಸ. ನಮ್ಮ ಮಠಗಳು ಮತ್ತು ವಿದ್ಯಾಸಂಸ್ಥೆಗಳು ನಾಡಿನಲ್ಲಿ ಹಲವು ವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿರುವುದರಿಂದ, ಈ ಅಳತೆಯನ್ನು ಮೊದಲು ಪಾಲಿಸಿ ತೋರಿಸುವ ಅವಕಾಶ ನಮ್ಮವರಿಗೇ ಇದೆ ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ. ಮನೆಮನೆಗಳಲ್ಲಿ ನಾವು ಮಾಡಬಹುದಾದದ್ದೂ ಕಡಿಮೆಯೇನಿಲ್ಲ.

ಮನೆಯಲ್ಲಿ ಇಂಥ ಮಗನೋ ಮಗಳೋ ಇದ್ದರೆ ರಾತ್ರಿ ಪಾಳಿಯಿಂದ ಬಂದವರನ್ನು ಹಗಲು ಮಲಗಲು ಬಿಡಿ. ನನ್ನ ತಂಗಿ ಮಗಳು ಸೂರ್ಯೋದಯಕ್ಕೆ ಲಿಂಗಪೂಜೆ ಮಾಡುವುದಿಲ್ಲವೆಂದು ಕೊರಗುತ್ತಿದ್ದಳು. ಒಂಬತ್ತಕ್ಕೆ ಮನೆಗೆ ಬಂದು, ಮಿಂದು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಐದು ನಿಮಿಷ ಕುಳಿತರೂ ಅದು ಪೂಜೆಯೇ ಎಂದು ನಾನು ಹೇಳಿದ ಮೇಲೆ ಆ ಕೊರಗು ನಿಂತಿತು. ನಿದ್ದೆಗಣ್ಣಿನಲ್ಲಿ ಸ್ಕೂಟರ್ ನಡೆಸದಂತೆ, ಪಾಳಿ ಮುಗಿದಾಗ ಯಾರಾದರೂ ಹೋಗಿ ಕರೆತಂದರೆ ಇನ್ನೂ ಒಳ್ಳೆಯದು. ಮದುವೆ, ಗೃಹಪ್ರವೇಶಗಳಿಗೆ ಬರಲಿಲ್ಲವೆಂದು ದೂರಬೇಡಿ. ಹೆಣ್ಣು ನೋಡಲು ಬಂದವರು ‘ರಾತ್ರಿ ಹೊರಗಿರುವ ಹುಡುಗಿ’ ಎಂದು ಮುಖ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ. ಅವರ ಮನೆಯ ಹಿರಿಯರಿಗೆ ನಡುರಾತ್ರಿ ಎದೆನೋವು ಬಂದರೆ ಬಾಗಿಲಲ್ಲಿ ನಿಂತಿರುವವಳು ಅಂಥ ಒಬ್ಬ ಹುಡುಗಿಯೇ.

ರೋಗಿಯ ಕಡೆಯವರಾಗಿ ಹೋದಾಗ ಒಬ್ಬರು ಮಾತ್ರ ಒಳಗೆ ಹೋಗಿ. ಸೇವಿಸುವ ಮಾತ್ರೆಗಳ ಚೀಟಿಯನ್ನು ಕೊಂಡೊಯ್ಯಿರಿ. ವಿಷ ಕುಡಿದಿದ್ದರೆ ಡಬ್ಬಿಯನ್ನು ತನ್ನಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಆ ಅಂಗ ಅಲುಗದಂತೆ ಇರಿಸಿ ಬೇಗ ಕರೆತನ್ನಿ. ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಯಾವ ಹೊತ್ತಿಗೆ ಆಯಿತೆಂದು ಗಡಿಯಾರ ನೋಡಿಕೊಳ್ಳಿ. ಮೆದುಳಿನ ಹೆಪ್ಪು ಕರಗಿಸುವ ಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ರಸ್ತೆಯಲ್ಲಿ ಬಿದ್ದವರನ್ನು ಕರೆತರಲು ಹೆದರಬೇಡಿ. ಹಾಗೆ ನೆರವಾದವರಿಗೆ ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. ಎಷ್ಟೇ ದುಃಖವಾದರೂ ವೈದ್ಯರ ಮೇಲೆ ಕೈಯೆತ್ತಬೇಡಿ. ಇದನ್ನು ತಡೆಯಲ೦ದೇ ನಮ್ಮ ರಾಜ್ಯದಲ್ಲಿ ೨೦೦೯ರಲ್ಲಿ ಕಾಯಿದೆಯೊಂದನ್ನು ಮಾಡಬೇಕಾಗಿ ಬಂದದ್ದು ಬಸವಣ್ಣನ ನಾಡಿಗೆ ಶೋಭೆಯಲ್ಲ.

ಈ ವರ್ಷದ ಬಸವ ಜಯಂತಿಗೂ ಅದೇ ಮಂಟಪದಲ್ಲಿ ಮಾತನಾಡಲು ಕರೆದಿದ್ದರು. ಕಳೆದ ವರ್ಷ ನಾನಾಡಿದ ಮಾತು ತಪ್ಪಾಗಿತ್ತೆಂದು ಹೇಳಿ, ಏಕೆ ತಪ್ಪೆಂದು ವಿವರಿಸಿದೆ. ಈ ಸಲ ಚಪ್ಪಾಳೆ ಕಡಿಮೆಯಿತ್ತು. ಸಭೆ ಮುಗಿದ ಮೇಲೆ ಇಬ್ಬರು ತಾಯಂದಿರು ಬಂದು ತಮ್ಮ ಮಕ್ಕಳೂ ಹೀಗೆಯೇ ದುಡಿಯುತ್ತಿದ್ದಾರೆಂದು ಹೇಳಿ ಕಣ್ಣೊರೆಸಿಕೊಂಡರು. ನನ್ನ ಸೋದರಸೊಸೆ ಬಂದಿರಲಿಲ್ಲ. ಹಿಂದಿನ ರಾತ್ರಿ ಪಾಳಿ ಮುಗಿಸಿ ಮನೆಯಲ್ಲಿ ಮಲಗಿದ್ದಾಳೆಂದು ತಂಗಿ ಹೇಳಿದಳು. ಎಬ್ಬಿಸಿ ಕರೆತರಬೇಕಿತ್ತೇನೋ ಎಂದು ಅವಳು ಅನುಮಾನಿಸಿದಾಗ, “ಬ್ಯಾಡವ್ವಾ, ಮಲಗಲಿ” ಎಂದೆ. ಅವಳ ಪಾಲಿನ ಪ್ರಸಾದವನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ನಡೆದೆವು.